ಮಹಡಿ ಹುಡುಗಿಯ ಅಮ್ಮ ಮೈಸೂರು ನೋಡಿದ್ದು

ಮಹಡಿಯ ರೂಮನ್ನು ಬಾಡಿಗೆಗೆ ಕೊಟ್ಟವರ ಮನೆಯಲ್ಲಿ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ಅದು ತಮಾಷೆ ಅಂತ ನಮಗೆ ಗೊತ್ತಾಗುವುದು ಮಾತ್ರ ಎಲ್ಲ ಮುಗಿದ ಮೇಲೆ. ಕೃಷ್ಣಮೂರ್ತಿಪುರಂನ ಈ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ನಾನು ಹುಟ್ಟಾ ಅನುಮಾನದವಳು. ಹಾಲಿನವನು ಅರ್ಧ ಗಂಟೆ ಮೊದಲೇ ಬಂದರೆ ಹಾಲಿಗೆ ನೀರು ಬಿದ್ದಿದೆ ಅಂತಲೇ ಅರ್ಥ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ ಅಂದುಕೊಂಡಿದ್ದೆ. ಟಾಂಜಾನಿಯಾದಿಂದ ಒಬ್ಬರು ಬಂದರು, ನನ್ನ ಗರ್ವ ಇಳಿಯಿತು.

ಕಾಫಿ

ನಮ್ಮ ಮಹಡಿಯಲ್ಲಿರುವ ಹುಡುಗಿ ಟಾಂಜಾನಿಯಾದವಳು. ಇಲ್ಲಿ ಬಿ.ಫಾರ್ಮ ಓದುತ್ತಾಳೆ. ಎರಡು ವರ್ಷ ನನ್ನ ಅಡುಗೆಮನೆಯಲ್ಲೇ ಕೂತು ಕನ್ನಡ ಕಲಿತು, ಈಗ "ಬುಡಿ ಆಂಟಿ" ಅನ್ನುವ ಮಟ್ಟಕ್ಕೆ ಬಂದಿದ್ದಾಳೆ. ನನಗೆ ಹೆಣ್ಣುಮಕ್ಕಳಿಲ್ಲ. ಆ ಹುಡುಗಿ ಕಂಡರೆ ನನಗೆ ಪ್ರಾಣ.

ಅವಳು ಒಂದು ಪೇಪರಿನಲ್ಲಿ ಫೇಲಾದಳು. ಅವಳ ಅಮ್ಮ ಓದಲು ಕಳಿಸುವಾಗಲೇ ಹೇಳಿದ್ದರಂತೆ, ಫೇಲಾದರೆ ಅಲ್ಲಿಗೇ ಓದು ನಿಂತಿತು, ವಾಪಸ್ ಕರೆಸಿಕೊಳ್ಳುತ್ತೇನೆ ಅಂತ. ಮರುಪರೀಕ್ಷೆ ಇರುವ ಹೊತ್ತಿಗೇ ಬಂದು, ಹತ್ತು ದಿನ ಮಗಳ ಜೊತೆ ಇದ್ದು ಮೈಸೂರು ನೋಡುತ್ತೇನೆ ಅಂತ ಆಕೆಯ ಫೋನು ಬಂತು.

"ಆಂಟಿ, ಪಾಸಾದ್ಮೇಲೆ ನಾನೇ ಹೇಳ್ಬುಡ್ತೀನಿ. ಅಲ್ಲೀತನಕ ಅಮ್ಮನ್ನ ಕಾಲೇಜ್ ಹತ್ರ ಬಿಡ್ಬಾರ್ದು," ಅಂತ ಹುಡುಗಿ ನನ್ನ ಕೈ ಹಿಡಿದುಕೊಂಡಳು.

"ಮೈಸೂರಲ್ಲಿ ನೋಡೋ ಜಾಗಕ್ಕೇನು ಬರ ಕಣಮ್ಮ? ದಿನಾ ಒಂದು ತೋರಿಸೋಣ. ಕಾಲು ನೋವು ಬಂದು ಕಾಲೇಜೇ ಮರೆತುಹೋಗ್ಬೇಕು," ಅಂದೆ.

ಆಕೆ ಬಂದರು. ಆಕೆಯದು ಬಂದರಿನ ಕಸ್ಟಮ್ಸಿನಲ್ಲಿ ಬೇರೆಯವರ ಪೆಟ್ಟಿಗೆ ಬಿಚ್ಚಿಸಿ ನೋಡುವ ಕೆಲಸ ಅಂತ ಹುಡುಗಿ ಆಗ ಹೇಳಿದಳು. ಮೊದಲೇ ಹೇಳಿದ್ದರೆ ನಾನು ಈ ಉಸಾಬರಿಗೇ ಹೋಗುತ್ತಿರಲಿಲ್ಲ. ಆಕೆಗೆ ಇಂಗ್ಲಿಷ್ ಬರುತ್ತದೆ, ನನಗೆ ಬಾರದು. ಹಾಗಾಗಿ ನಮ್ಮಿಬ್ಬರ ಮಧ್ಯೆ ಹುಡುಗಿಯೇ ದುಭಾಷಿ.

ಕಾಫಿ ಕೊಟ್ಟೆ. ಆಕೆ ಲೋಟ ಮೂಸಿ ನೋಡಿ ಕೆಳಗಿಟ್ಟರು. ನಮ್ಮ ಯಜಮಾನರು ಎದುರಿಗೆ ಕೂತು ತಮ್ಮ ಕಾಫಿ ಪೂರ್ತಿ ಕುಡಿದರು. ಅವರು ಐದು ನಿಮಿಷ ಆದ ಮೇಲೂ ಬದುಕಿರುವುದನ್ನು ಖಚಿತ ಮಾಡಿಕೊಂಡು ಆಕೆ ಲೋಟ ಎತ್ತಿಕೊಂಡರು.

ಅರಮನೆ

ಮೊದಲ ದಿನ ಅರಮನೆ. ನನ್ನ ಮಗ ಕಾರು ಓಡಿಸಿದ. ಅವನಿಗೆ ಮೂವತ್ನಾಲ್ಕು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಇನ್ನೂ ಮದುವೆಯಾಗಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ, ಈಗಿನ ಕಾಲದ ಹೆಣ್ಣು ಹೆತ್ತವರನ್ನು ಕೇಳಿ.

ಚಪ್ಪಲಿ ಬಿಡುವ ಜಾಗದಲ್ಲೇ ಮೊದಲ ತಕರಾರು. ಆಕೆ ಗುರುತು ಪರಿಚಯ ಇಲ್ಲದವರ ಕೈಗೆ ಶೂ ಕೊಡಲು ಒಪ್ಪಲಿಲ್ಲ. ಟೋಕನ್ ಕೊಡ್ತಾರಮ್ಮ ಅಂದರೆ, ಟೋಕನ್ ತಗೊಂಡು ಕಾಲಿಗೆ ಹಾಕಿಕೊಳ್ಳೋಕಾಗುತ್ತಾ ಅಂತ ಕೇಳಿಸಿದರು. ಕೊನೆಗೆ ಶೂ ಬಿಟ್ಟರು, ಆದರೆ ಎರಡರ ದಾರವನ್ನೂ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಒಳಗೆ ಬಂದರು.

ಒಳಗೆ ಬಣ್ಣದ ಗಾಜಿನ ಕಲ್ಯಾಣ ಮಂಟಪ ನೋಡಿ ಎಲ್ಲರ ಹಾಗೆ ಆಕೆಯೂ ಬಾಯಿ ತೆರೆದು ನಿಂತರು. ನನ್ನ ಮಗ ಕೈ ಎತ್ತಿ ನವಿಲಿನ ಚಿತ್ರ ತೋರಿಸುತ್ತಿದ್ದ, ಹುಡುಗಿ ಅವನ ಪಕ್ಕದಲ್ಲಿದ್ದಳು. ತಲೆಗೆ ನಾನೇ ಮುಡಿಸಿದ ಮಲ್ಲಿಗೆ. ಚೆನ್ನಾಗಿ ಕಂಡಿತು. "ಅಲ್ಲೇ ನಿಂತ್ಕೊಳಿ ಇಬ್ರೂ, ಒಂದು ಫೋಟೋ," ಅಂದೆ.

ಆಕೆ ಮಗಳನ್ನು ಏನೋ ಕೇಳಿದರು. ಮಗಳು ಉತ್ತರ ಕೊಟ್ಟಳು. ಆಕೆ ನೇರವಾಗಿ ಹೋಗಿ ಇಬ್ಬರ ಮಧ್ಯೆ ನಿಂತರು. ಆಮೇಲೆ ಅರಮನೆಯಲ್ಲಿ ತೆಗೆದ ಹದಿನೇಳು ಫೋಟೋದಲ್ಲೂ ಮಧ್ಯದಲ್ಲಿ ಆಕೆಯೇ ಇದ್ದಾರೆ.

"ಏನು ಕೇಳಿದ್ರು?" ಅಂದೆ.

"ಇದು ಏನು ಹಾಲ್ ಅಂತ ಕೇಳಿದ್ರು. ಅರಮನೆಯವರ ಮದ್ವೆ ಹಾಲ್ ಅಂದೆ ಆಂಟಿ."

ಪಾಪ, ಫೋಟೋ ಹುಚ್ಚು ಇರಬೇಕು ಅಂದುಕೊಂಡೆ.

ಜಿರಾಫೆ

ಎರಡನೇ ದಿನ ಮೃಗಾಲಯ. ಕಾರಿನಲ್ಲೇ ನನ್ನ ಯಜಮಾನರು, "ಅಲ್ಲ ಕಣೇ, ಆಫ್ರಿಕಾದವರಿಗೆ ಜಿರಾಫೆ ತೋರಿಸೋದು ಅಂದ್ರೆ ಮದ್ದೂರಿನವರಿಗೆ ವಡೆ ತೋರಿಸಿದ ಹಾಗೆ," ಅಂದರು. ನನಗೂ ಸಂಕೋಚವಾಯಿತು. ಆದರೆ ಆಕೆ ಜಿರಾಫೆಯ ಮುಂದೆ ಮುಕ್ಕಾಲು ಗಂಟೆ ನಿಂತರು. ಹುಟ್ಟಿ ಬೆಳೆದದ್ದು ಬಂದರಿನ ಪಟ್ಟಣವಂತೆ, ಜೀವಮಾನದಲ್ಲಿ ಇದೇ ಮೊದಲು ನೋಡುತ್ತಿರುವುದಂತೆ.

"ನಿಮ್ಮ ಮನೆ ಹಿತ್ತಲಲ್ಲಿ ಆನೆ ಇದೆಯಾ ಅಂತ ಕೇಳ್ತಿದ್ದಾರೆ ಆಂಟಿ," ಅಂದಳು ಹುಡುಗಿ. ನಾನು ಯಜಮಾನರನ್ನು ದುರುಗುಟ್ಟಿ ನೋಡಿದೆ.

ಆಮೇಲೆ ನೆರಳಿನಲ್ಲಿ ಕೂತಾಗ ಆಕೆ ನನ್ನ ಮಗನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಮಾತಾಡಿಸತೊಡಗಿದರು. ಬಹಳ ಹೊತ್ತು. ವಾಪಸ್ ಬಂದಾಗ ಏನಂತೆ ಅಂದೆ.

"ತುಂಬ ಒಳ್ಳೆಯವರಮ್ಮ. ವಯಸ್ಸೆಷ್ಟು, ಸಂಬಳ ಎಷ್ಟು, ಮನೆ ಸ್ವಂತದ್ದಾ, ಕುಡೀತೀಯಾ, ಹಿಂದೆ ಯಾರನ್ನಾದ್ರೂ ಮದುವೆಯಾಗಿದ್ದೆಯಾ ಅಂತೆಲ್ಲ ವಿಚಾರಿಸಿದ್ರು," ಅಂದ, ಜೋಳದ ತೆನೆ ತಿನ್ನುತ್ತ.

ನನಗೆ ಅರ್ಥವಾಗಿಹೋಯಿತು. ಹೆಣ್ಣು ಹೆತ್ತವರು ಕೇಳುವ ಪ್ರಶ್ನೆಗಳೇ ಇವು. ಏಳು ಸಮುದ್ರದಾಚೆಯಿಂದ ಬಂದು ನನ್ನ ಮಗನ ಮೇಲೆ ಕಣ್ಣು ಹಾಕಿದ್ದಾರೆ. ಮನೆಗೆ ಬಂದು ಯಜಮಾನರಿಗೆ ಹೇಳಿದೆ.

"ನೋಡೋಣ ಬಿಡು," ಅಂದರು ಅವರು. "ಸಂಬಳ ಕೇಳಿದ ಮೇಲೂ ಕಣ್ಣು ಹಾಕಿದ್ರೆ ಆಗ ಯೋಚನೆ ಮಾಡೋಣ."

ತಾಂಬೂಲ

ಮೂರನೇ ದಿನದಿಂದ ಆಕೆ ಬೆಳಿಗ್ಗೆ ಎದ್ದರೆ ಕಾಲೇಜು, ಮಲಗುವಾಗ ಕಾಲೇಜು. ಹುಡುಗಿ ಒಂದು ದಿನ ರಜ ಅಂದಳು, ಇನ್ನೊಂದು ದಿನ ಬಣ್ಣ ಹೊಡೀತಿದ್ದಾರೆ ಅಂದಳು. ನಾನು ಬೆಟ್ಟ, ಕೆರೆ, ದೊಡ್ಡ ಚರ್ಚು, ಮಾರ್ಕೆಟ್ಟು ಅಂತ ಓಡಾಡಿಸಿದೆ. ನನ್ನದೇ ಮಂಡಿ ಹಿಡಿದುಕೊಂಡಿತು. ಆಕೆ ಗಟ್ಟಿಮುಟ್ಟಾಗಿದ್ದರು.

ಮಾರ್ಕೆಟ್ಟಿನಲ್ಲಿ ಹುಡುಗಿ ಇಷ್ಟಪಟ್ಟಳು ಅಂತ ಒಂದು ಡಜನ್ ಹಸಿರು ಗಾಜಿನ ಬಳೆ ತೊಡಿಸಿದೆ. ಆಕೆ ಬಳೆಯನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಮಗಳಿಗೆ ಬೆರಳು ತೋರಿಸಿಕೊಂಡು ಎರಡು ನಿಮಿಷ ಏನೋ ಹೇಳಿದರು. ಹುಡುಗಿಯ ಮುಖ ಸಪ್ಪಗಾಯಿತು.

"ಬಳೆ ಚೆನ್ನಾಗಿದೆ ಅಂತಿದ್ದಾರೆ ಆಂಟಿ."

"ಬಳೆ ಚೆನ್ನಾಗಿದೆ ಅನ್ನೋಕೆ ಎರಡು ನಿಮಿಷ ಬೇಕಾ?" ಅಂದೆ. ಆಗ ಬಾಯಿಬಿಟ್ಟಳು. ಆಕೆ ತಮ್ಮ ಕಚೇರಿಯ ಮಾತನ್ನೇ ಆಡಿದ್ದರು. ಒಳಗೇನಿದೆ ಅಂತ ನೀನಾಗೇ ಹೇಳ್ತೀಯಾ, ಇಲ್ಲ ನಾನೇ ಬಿಚ್ಚಿ ನೋಡಲಾ ಅಂತ. "ಫೇಲಾಗಿದ್ದು ಗೊತ್ತಾಗ್ಬುಟ್ಟಿದೆ ಆಂಟಿ, ನನ್ನ ಕರ್ಕೊಂಡು ಹೋಗ್ಬುಡ್ತಾರೆ," ಅಂತ ಅತ್ತಳು.

ಆಕೆಯನ್ನು ಹೇಗಾದರೂ ಮೆತ್ತಗೆ ಮಾಡಬೇಕು ಅಂತ ಶುಕ್ರವಾರ ಸಂಜೆ ಮುತ್ತೈದೆಯರಿಗೆ ಕೊಡುವ ಹಾಗೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಕೊಡಲು ಹೋದೆ. ಆಕೆ ಒಂದು ನಿಮಿಷ ಅಂತ ಕೈ ತೋರಿಸಿ, ಮೊಬೈಲಿನಲ್ಲಿ ತಟ್ಟೆಯ ಫೋಟೋ ತೆಗೆದು, ಅದರಲ್ಲೇ ಏನನ್ನೋ ಹುಡುಕಿ ಓದಿದರು. ಓದಿ ಮುಗಿಸಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ನಾನು ತಟ್ಟೆ ಮುಂದೆ ನೂಕಿದೆ. ಆಕೆ ಹಿಂದೆ ಸರಿದರು. ಮತ್ತೆ ನೂಕಿದೆ. ಹೀಗೆ ಹಜಾರದಿಂದ ಹೊರಟು ಇಬ್ಬರೂ ಗೇಟಿನ ತನಕ ಹೋಗಿದ್ದೆವು.

ಮಾಟ ಮಂತ್ರ ಅಂದುಕೊಂಡಿರಬೇಕು ಅಂತ ನನಗೆ ಕೋಪ ಬಂತು. ಆ ಕಾಯಿ ಒಡೆದು ಮಾರನೇ ದಿನ ಚಟ್ನಿ ಮಾಡಿದೆ. ಅದನ್ನು ಮಾತ್ರ ಎರಡು ಸಲ ಹಾಕಿಸಿಕೊಂಡರು.

ಅಕ್ಷತೆ

ಎಂಟನೇ ದಿನ ಪರೀಕ್ಷೆ. ಹುಡುಗಿ ಗೆಳತಿಗೆ ರೆಕಾರ್ಡ್ ಪುಸ್ತಕ ಕೊಟ್ಟು ಬರುತ್ತೇನೆ ಅಂತ ಅಮ್ಮನಿಗೆ ಸುಳ್ಳು ಹೇಳಿ ಕೆಳಗೆ ಬಂದಳು. ಅದೇ ದಿನ ನನ್ನ ಮಗನಿಗೂ ಇಲಾಖಾ ಪರೀಕ್ಷೆ ಇತ್ತು. ಪಾಸಾದರೆ ಬಡ್ತಿ. ಎಷ್ಟನೇ ಸಲ ಅಂತ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹುಡುಗಿಯನ್ನು ಸ್ಕೂಟರಿನಲ್ಲಿ ಬಿಟ್ಟು ತಾನೂ ಹೋಗುವುದು ಅಂತ ಹೊರಟಿದ್ದ.

ಪರೀಕ್ಷೆಗೆ ಹೋಗುವವರು ನಮ್ಮಲ್ಲಿ ಹಾಗೆಲ್ಲ ಹೊಸಿಲು ದಾಟುವಂತಿಲ್ಲ. ಇಬ್ಬರ ಹಾಲ್ ಟಿಕೆಟ್ಟನ್ನೂ ಫೋಟೋ ಮೇಲೆ ಬರುವ ಹಾಗೆ ದೇವರ ಮುಂದೆ ಜೋಡಿಸಿಟ್ಟು ಕುಂಕುಮ ಹಚ್ಚಿದ್ದೆ. ದೀಪ ಉರಿಯುತ್ತಿತ್ತು. ಹುಡುಗಿ ಹೊಸ ಚೂಡಿದಾರ ಹಾಕಿಕೊಂಡು, ಹೂ ಮುಡಿದು ನಮ್ಮ ಕಾಲಿಗೆ ಬೀಳಲು ಬಂದಳು.

"ಇಬ್ರೂ ಒಟ್ಟಿಗೇ ಬಗ್ಗಿ," ಅಂದರು ಯಜಮಾನರು. "ಎರಡೆರಡು ಸಲ ಅಕ್ಷತೆ ಹಾಕ್ತಾ ಕೂತ್ಕೊಳ್ಳೋಕಾಗಲ್ಲ, ನಾನಿನ್ನೂ ಪೇಪರ್ ಓದಿಲ್ಲ."

ಇಬ್ಬರೂ ಒಟ್ಟಿಗೆ ಬಗ್ಗಿದರು. ನಾವಿಬ್ಬರೂ ಒಟ್ಟಿಗೆ ಅಕ್ಷತೆ ಹಾಕಿದೆವು. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಹುಡುಗಿಯ ಅಮ್ಮ.

ಆಕೆ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ತಾಯಿ ಮಗಳ ನಡುವೆ ನಡೆದ ಮಾತನ್ನು ಹುಡುಗಿ ಅಲ್ಲೇ ನಿಂತು ನನಗೆ ಒಂದಕ್ಷರ ಬಿಡದೆ ಹೇಳಿದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಆರು ತಿಂಗಳಿಂದ ಅಮ್ಮ. ಕ್ಷಮಿಸು."

"ಈ ಮನೆಯವರಿಗೆಲ್ಲ ಗೊತ್ತಾ?"

"ಗೊತ್ತು. ಆಂಟಿನೇ ಸಹಾಯ ಮಾಡಿದ್ದು."

"ಎಲ್ಲ ಮುಗಿದುಹೋಯ್ತಾ?"

"ಇಲ್ಲ, ಹತ್ತು ಗಂಟೆಗೆ. ಕಾಲೇಜಲ್ಲಿ."

ಆಕೆ ತಲೆ ಎತ್ತಿದರು. "ಮದುವೆ ಕಾಲೇಜಲ್ಲಿ ಮಾಡ್ತಾರಾ?"

"ಯಾರ ಮದುವೆ? ನಾನು ಫೇಲಾಗಿದ್ದೀನಮ್ಮ. ಒಂದು ಪೇಪರು. ಇವತ್ತು ಮತ್ತೆ ಬರೀಬೇಕು."

ಆಕೆ ಮಗಳನ್ನು ನೋಡಿದರು, ನನ್ನ ಮಗನನ್ನು ನೋಡಿದರು, ಒಳಗೆ ಬಂದು ದೇವರ ಮುಂದಿನ ಎರಡು ಹಾಲ್ ಟಿಕೆಟ್ಟನ್ನೂ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು ಮಗಳನ್ನು ಬಾಚಿ ತಬ್ಬಿಕೊಂಡರು. ಬರೀ ಫೇಲಾ, ಅಷ್ಟೇನಾ ಅಂತ ಮತ್ತೆ ಮತ್ತೆ ಕೇಳಿದರು. ಹೋಗಿ ಬರಿ, ಮತ್ತೆ ಫೇಲಾದರೆ ಮತ್ತೆ ಬರಿ, ಓದು ಮುಗಿಸದೆ ಮಾತ್ರ ಊರಿಗೆ ಬರಬೇಡ ಅಂದರು. ನನ್ನ ಕೈಯನ್ನೂ ಹಿಡಿದು ಕಣ್ಣಿಗೊತ್ತಿಕೊಂಡರು.

ಹುಡುಗಿ ಉಳಿದುಕೊಂಡಳು ಅಂತ ನನಗೂ ಕಣ್ಣು ತುಂಬಿತು. ಅರ್ಧ ನಿಮಿಷ ತುಂಬಿತ್ತು. ಅಷ್ಟರಲ್ಲಿ ವಿಷಯ ತಲೆಗೆ ಹೋಯಿತು. ನಾನು ಆರು ದಿನದಿಂದ ಮನಸ್ಸು ಗಟ್ಟಿ ಮಾಡಿಕೊಂಡು, ಆಯ್ತು, ಈ ಹುಡುಗಿಯೇ ಸೊಸೆಯಾಗಲಿ ಬಿಡು ಅಂತ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ. ಇಲ್ಲಿ ನೋಡಿದರೆ ನನ್ನ ಮಗ ತಪ್ಪಿದ್ದಕ್ಕೆ ಈಕೆ ಆನಂದಬಾಷ್ಪ ಸುರಿಸುತ್ತಿದ್ದಾರೆ.

"ನಿಮ್ಮಮ್ಮನ್ನ ಕೇಳು," ಅಂದೆ ಹುಡುಗಿಗೆ. "ನನ್ನ ಮಗನಿಗೆ ಏನು ಕಮ್ಮಿಯಾಗಿದೆ ಅಂತ ಕೇಳು. ಒಂದು ಮಾತೂ ಬಿಡದ ಹಾಗೆ ಕೇಳು."

ಹುಡುಗಿ ಕೇಳಿದಳು. ಆಕೆ ನನ್ನ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನ ಕಂಕುಳಲ್ಲಿದ್ದ ಪರೀಕ್ಷೆಯ ಗೈಡನ್ನು ಎಳೆದುಕೊಂಡು, ಮಾಸಿದ ರಟ್ಟು, ಅಂಚಿಗೆ ಮೂರು ಸುತ್ತು ಅಂಟಿಸಿದ್ದ ಟೇಪು ಎಲ್ಲವನ್ನೂ ಬೆರಳಿನಲ್ಲಿ ಮುಟ್ಟಿ ನೋಡಿದರು. ಮಗಳ ಕಿವಿಯಲ್ಲಿ ಒಂದು ಮಾತು ಹೇಳಿದರು.

"ಆಂಟಿ," ಅಂದಳು ಹುಡುಗಿ ತಲೆ ತಗ್ಗಿಸಿ, "ಅಣ್ಣ ಈ ಪರೀಕ್ಷೆ ಎಷ್ಟನೇ ಸಲ ಬರೀತಿದ್ದಾರೆ ಅಂತ ಕೇಳ್ತಿದ್ದಾರೆ."

"ಹತ್ತು ಗಂಟೆಗೆ ಗೇಟ್ ಹಾಕ್ಬುಡ್ತಾರೆ," ಅಂದೆ. "ಇಬ್ರೂ ಮೊದ್ಲು ಇಲ್ಲಿಂದ ಹೊರಡಿ."