ಆನೆ ನಿಂತರೂ ಕುಸಿಯದ ನಮ್ಮ ಮಾಳಿಗೆಯ ಬಗ್ಗೆ ವಿಮಾ ಕಂಪನಿಗೊಂದು ಅರಿಕೆ

ಜೇವರ್ಗಿ,
ಮೇ ೨೪, ೧೯೪೦

ಅಭಯಹಸ್ತ ಗೃಹರಕ್ಷಕ ವಿಮಾ ಕಂಪನಿಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ, ಸೊಲ್ಲಾಪುರ.

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮವೆಂದು ಬರೆಯುವುದು ಪದ್ಧತಿಯಾದರೂ, ನಮ್ಮ ಕ್ಷೇಮದ ಹೊಣೆಯನ್ನು ತಾವೇ ಸಹಿ ಮಾಡಿ ಹೊತ್ತುಕೊಂಡಿರುವುದರಿಂದ ಆ ಸಂಗತಿಯನ್ನು ತಮಗೇ ತಿಳಿಸುವ ಅಧಿಕಪ್ರಸಂಗ ಮಾಡದೆ, ತಮ್ಮ ಕುರ್ಚಿಯ ಮೇಲಿನ ಛಾವಣಿ ಸದಾ ಗಟ್ಟಿಯಾಗಿರಲೆಂದು ಹಾರೈಸುತ್ತೇನೆ. ನಾನು ರೇವಣಪ್ಪ. ತಮ್ಮ ಮೇಲೆ ಅದಾಲತ್ತಿನಲ್ಲಿ ದಾವೆ ಹೂಡಿರುವ ಚಂದಪ್ಪನವರೂ ನಿಂಬೆವ್ವನವರೂ ನನಗೆ ಕಾಕಾ, ಕಾಕಿ ಆಗಬೇಕು. ದಾವೆಯ ನಂತರ ನಾನು ಬರೆದ ಮೂರು ಕಾಗದಗಳಿಗೆ ಉತ್ತರ ಬರೆದು ತಮಗೆ ದಣಿವಾಗಬಾರದಲ್ಲವೇ? ಆದ್ದರಿಂದ ಈ ನಾಲ್ಕನೆಯದನ್ನು ಊರ ಚಾವಡಿಯ ಗೋಡೆಗೂ ಅಂಟಿಸಿದ್ದೇನೆ. ಉತ್ತರದ ಕೆಲಸವನ್ನು ಊರಿನವರೇ ನೋಡಿಕೊಳ್ಳುತ್ತಾರೆ.

ಹೋದ ವರ್ಷ ಮಿರಗದ ಮಳೆಯಲ್ಲಿ ನಮ್ಮ ಮಣ್ಣಿನ ಮಾಳಿಗೆಗೆ ಸಿಡಿಲು ಬಡಿದು, ಒಳಕೋಣೆಯ ಮೇಲಿನ ಮೂರು ಜಂತಿ ಸುಟ್ಟು, ಮಣ್ಣು ಕುಸಿದು, ಎಮ್ಮೆ ಹಾಯುವಷ್ಟು ಕಿಂಡಿ ಬಿದ್ದುದು ತಮಗೆ ಗೊತ್ತೇ ಇದೆ. ಕಾಕಾನ ಬಲಮೀಸೆ ಹೊತ್ತಿತು, ಹುಂಜ ಮೂರು ದಿನ ಕೂಗಲಿಲ್ಲ. ಆದರೆ ದೇವರ ಜಗಲಿಯ ಪಕ್ಕದಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ ತಮ್ಮ ವಿಮೆಯ ಕಾಗದಕ್ಕೆ, ದೊಡ್ಡದೊಂದು ಕೈ ಪುಟ್ಟ ಮನೆಯನ್ನು ಮುಚ್ಚಿಕೊಂಡಿರುವ ಚಿತ್ರದ ಆ ಕಾಗದಕ್ಕೆ, ಒಂದು ಕಿಡಿಯೂ ತಾಗಲಿಲ್ಲ! ತನ್ನನ್ನು ತಾನು ಇಷ್ಟು ಚೆನ್ನಾಗಿ ಕಾಯ್ದುಕೊಳ್ಳಬಲ್ಲ ಕಾಗದವನ್ನು ನಾವು ಬೇರೆಲ್ಲೂ ಕಂಡಿಲ್ಲ. ಅದನ್ನೇ ಹದಿನೆಂಟು ಮೊಳ ಉದ್ದ, ಹನ್ನೆರಡು ಮೊಳ ಅಗಲಕ್ಕೆ ಅಚ್ಚು ಹಾಕಿಸಿ ಕಳಿಸಿದರೆ ಮಾಳಿಗೆಗೆ ಹೊದಿಸಿ ನೆಮ್ಮದಿಯಾಗಿ ಮಲಗುತ್ತೇವೆ.

ಕಿಂಡಿಯ ತನಿಖೆಗೆಂದು ತಾವು ಇನ್ಸ್‌ಪೆಕ್ಟರ್ ಗೌಸಮೊಹಿದ್ದೀನ ಸಾಹೇಬರನ್ನು ಕಳಿಸಿದ ಉಪಕಾರವನ್ನು ಮರೆಯುವಂತಿಲ್ಲ. ಅವರು ನುಗ್ಗೆಕಾಯಿಯಷ್ಟು ತೆಳ್ಳಗಿನ, ಮಾತಿನಲ್ಲಿ ಮಾತ್ರ ಭಾರವಾದ ಮನುಷ್ಯರು. ಛತ್ರಿ ಹಿಡಿದು ಮಾಳಿಗೆ ಹತ್ತಿ, ಕಿಂಡಿಗೆ ಹೊದಿಸಿದ್ದ ತಾಡಪತ್ರಿಯ ಕಡೆಗೇ ನಡೆದರು. "ಅಲ್ಲಿ ಕಾಲ ಇಡಬ್ಯಾಡ್ರಿ ಸಾಹೇಬ್ರ, ತಾಡಪತ್ರಿ ಬುಡಕ ಏನೂ ಇಲ್ರಿ!" ಎಂದು ಕಾಕಿ ಅಂಗಳದಿಂದ ಕೂಗಿದಳು. "ನಾಕು ಜಿಲ್ಲಾದ ಮಾಳಗಿ ನೋಡೀನಿ ನಿಂಬೆವ್ವ, ನನಗ ಕಲಸಬ್ಯಾಡ" ಎಂಬ ಉತ್ತರದ ಅರ್ಧ ಮೇಲಿನಿಂದಲೂ ಉಳಿದರ್ಧ ಒಳಕೋಣೆಯ ಜೋಳದ ಕಣಜದಿಂದಲೂ ಕೇಳಿಬಂತು. ಕಣಜದೊಳಗೆ ಸೊಂಟದವರೆಗೆ ಹೂತು ನಿಂತು ಅವರಾಡಿದ ಮುಂದಿನ ಮಾತು: "ಕಿಂಡಿ ಖರೇ ಅದ. ಬರಕೋ ರೇವಣ್ಯಾ."

ಅವರ ಕಾಲು ಉಳುಕಿ, ಬಲಗೈ ಮಣಿಕಟ್ಟೂ ಬಾತುಕೊಂಡಿದ್ದರಿಂದ ಬರೆದವನು ನಾನೇ. ಕಾಕಿ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತಿರಲು ಸಾಹೇಬರು ಎರಡು ಕಾಗದ ಹೇಳಿ ಬರೆಸಿದರು: ಮಾಳಿಗೆ ಬಿದ್ದದ್ದು ಸಿಡಿಲಿನಿಂದಲೇ ಎಂಬ ವರದಿ ಒಂದು, ಡ್ಯೂಟಿಯ ಮೇಲೆ ಬಿದ್ದ ತಮಗೆ ಕಂಪನಿಯೇ ಔಷಧೋಪಚಾರ ಮಾಡಿಸಬೇಕೆಂಬ ಅರ್ಜಿ ಇನ್ನೊಂದು.

ಉತ್ತರ ಬರುವವರೆಗೆ, ಪುರಾವೆ ಕೆಡಬಾರದಾದ್ದರಿಂದ ಕಿಂಡಿಯನ್ನು ಯಾರೂ ಮುಟ್ಟಕೂಡದೆಂದು ತಾವು ಅಪ್ಪಣೆ ಕೊಟ್ಟಿರಿ. ಮುಟ್ಟಲಿಲ್ಲ ಸ್ವಾಮಿ, ತಾಡಪತ್ರಿಯನ್ನೂ ಮತ್ತೆ ಹೊದಿಸಲಿಲ್ಲ. ಆ ಮಳೆಗಾಲವಿಡೀ ಕಿಂಡಿಯನ್ನು ಕೂಸಿನಂತೆ ಜೋಪಾನ ಮಾಡಿದೆವು. ಅದೂ ಕೂಸಿನಂತೆಯೇ ಬೆಳೆಯಿತು. ಕಾಕಿ ಅದರಿಂದ ತಪ್ಪಿಸಿಕೊಂಡು ಐದು ಸಲ ಒಲೆಯ ಜಾಗ ಬದಲಿಸಿದಳು. ಈಗ ಒಲೆ ಬೀದಿಬಾಗಿಲಿಗೆ ಬಂದಿದೆ. ಇನ್ನೊಂದು ಹೆಜ್ಜೆ ಸರಿದರೆ ಅದು ಸರ್ಕಾರಿ ರಸ್ತೆ.

ಕೊನೆಗೆ ತಮ್ಮ ಉತ್ತರ ಬಂತು. ವರ್ಷವರ್ಷವೂ ಮಳೆಗೆ ಮುಂಚೆ ಹೊಸ ಮಣ್ಣು ಹೊರಿಸುವ ನಿಮ್ಮ ಊರಿನ ಕೆಟ್ಟ ರೂಢಿಯಿಂದ ಮಾಳಿಗೆ ಭಾರವಾಗಿ ತಾನಾಗಿಯೇ ಕುಸಿದಿದೆ, ಸಿಡಿಲಿನ ತಪ್ಪಿಲ್ಲ, ಕಟ್ಟಿಸಿಕೊಡುವ ಹೊಣೆ ನಮ್ಮದಲ್ಲ ಎಂದಿತ್ತು. ಸಿಡಿಲಿನ ಮರ್ಯಾದೆಯನ್ನು ಇಷ್ಟು ಕಾಳಜಿಯಿಂದ ಕಾಪಾಡಿದವರು ಆಕಾಶದಲ್ಲೂ ಇರಲಾರರು! ಕಾಕಾ ದಾವೆ ಹೂಡಿದ್ದು ಆಗಲೇ.

ಆದರೆ ಹೋದ ವಾರ ಗೌಸಮೊಹಿದ್ದೀನ ಸಾಹೇಬರು ಮೋಟಾರಿನಿಂದಿಳಿದು, ಕುಂಟುತ್ತ ಬಂದು, ತಮ್ಮ ಔಷಧೋಪಚಾರದ ಅರ್ಜಿಗೆ ಕಂಪನಿ ಕೊಟ್ಟ ಉತ್ತರವನ್ನು ಕಾಕಿಯ ಮುಂದೆ ಹಿಡಿದರು. "ನಿಂಬೆವ್ವ, ಖರೇ ಹೇಳ್ರಿ, ನಾ ಆನಿಕಿಂತ ವಜ್ಜ ಅದೀನೇನು?" ಎಂದು ಕೇಳಿದರು. ನಾನು ಓದಿದೆ. ವರ್ಷವರ್ಷವೂ ಮಳೆಗೆ ಮುಂಚೆ ಹೊಸ ಮಣ್ಣು ಹೊರಿಸುವ ಆ ಊರಿನ ಒಳ್ಳೆಯ ರೂಢಿಯಿಂದ ಮಾಳಿಗೆ ಕಲ್ಲಿನಂತಿದ್ದು, ಆನೆ ನಿಂತರೂ ಕುಸಿಯುವಂತಿರಲಿಲ್ಲ, ಆದ್ದರಿಂದ ನೀವು ಬಿದ್ದದ್ದು ನಿಮ್ಮ ಸ್ವಂತ ನಿಷ್ಕಾಳಜಿಯಿಂದ ಎಂದಿತ್ತು. ಎರಡು ಕಾಗದಕ್ಕೂ ಒಂದೇ ತಾರೀಖು, ಒಂದೇ ಸಹಿ. ಆ ಸಹಿ ತಮ್ಮದು; ಎಷ್ಟು ಅಂದವಾಗಿದೆ!

ಬರುವ ಸೋಮವಾರ ಅದಾಲತ್ತಿನಲ್ಲಿ ಎರಡನ್ನೂ ಮುನ್ಸಿಫ್ ಸಾಹೇಬರ ಮೇಜಿನ ಮೇಲೆ ಅಕ್ಕಪಕ್ಕ ಇಡುತ್ತೇವೆ. ಸಾಕ್ಷಿಯ ಕಟಕಟೆಯಲ್ಲಿ ಗೌಸಮೊಹಿದ್ದೀನ ಸಾಹೇಬರು ನಿಲ್ಲುತ್ತಾರೆ. ಯಾವುದು ನಿಜವೆಂದು ತಾವೇ ಆರಿಸಿಕೊಳ್ಳಿರಿ, ನಮ್ಮ ಬಲವಂತವಿಲ್ಲ. ಮಾಳಿಗೆ ಕಲ್ಲಿನಂತಿತ್ತು ಎಂದರೆ ಅದನ್ನು ಕೆಡವಿದ್ದು ಸಿಡಿಲು, ಕಟ್ಟಿಸಿಕೊಡಿರಿ. ತಾನಾಗಿಯೇ ಕುಸಿಯುವಂತಿತ್ತು ಎಂದರೆ ಅದರ ಮೇಲೆ ಬಡಪಾಯಿ ನೌಕರನನ್ನು ಹತ್ತಿಸಿದವರು ತಾವು. ಆತನ ಕಾಲು ನೆಟ್ಟಗೆ ಮಾಡಿಸಿರಿ. ಎರಡೂ ಬೇಡವೆಂದರೆ ದಯಮಾಡಿ ಆನೆಯನ್ನು ಕಳಿಸಿರಿ; ಮೇವಿಗೆ ಕಬ್ಬು, ಜೋಳದ ಕಣಿಕೆ ನಮ್ಮವು. ಮಿರಗದ ಮಳೆಗೆ ಇನ್ನು ಹದಿನೈದೇ ದಿನ. ಅಷ್ಟರೊಳಗೆ ಕಾಕಿಯ ತಲೆಯ ಮೇಲೆ ಮಾಳಿಗೆ ಬಂದರೂ ಸರಿ, ಆನೆಯ ಹೊಟ್ಟೆ ಬಂದರೂ ಸರಿ, ರೊಟ್ಟಿ ಒದ್ದೆಯಾಗದಿದ್ದರೆ ಸಾಕು ಎಂದು ಆಕೆ ಹೇಳಿಕಳಿಸಿದ್ದಾಳೆ.

ತಮ್ಮ ಕೈಯ ಕೆಳಗೆ, ಹಾಗೂ ಸದ್ಯಕ್ಕೆ ಬರೀ ಆಕಾಶದ ಕೆಳಗೆ ಇರುವ,
ತಮ್ಮ ವಿಶ್ವಾಸಿ,
ರೇವಣಪ್ಪ

ತಾ.ಕ.: ಸೋಮವಾರ ಅದಾಲತ್ತಿಗೆ ಬಂದಾಗ ಮಾಳಿಗೆಯನ್ನು ಖುದ್ದಾಗಿ ಹತ್ತಿ ನೋಡುವ ಇಚ್ಛೆಯಿದ್ದರೆ ಅಗತ್ಯವಾಗಿ ಹತ್ತಬಹುದು, ಏಣಿ ಹಾಕಿಟ್ಟಿರುತ್ತೇವೆ. ಒಂದೇ ಅರಿಕೆ: ಗೌಸಮೊಹಿದ್ದೀನ ಸಾಹೇಬರು ಬಿದ್ದಾಗ ಕಣಜದ ತುಂಬ ಜೋಳವಿತ್ತು. ತಮ್ಮ ಪುರಾವೆಯನ್ನು ಕಾಯುವಷ್ಟರಲ್ಲಿ ಅದು ನೆನೆದು, ಮೊಳೆತು, ಎಮ್ಮೆಯ ಪಾಲಾಯಿತು. ಈಗ ಕೆಳಗೆ ಬರೀ ನೆಲವಿದೆ.