ಹುಚ್ಚಮ್ಮನಿಗೆ ಕಣ್ಣು ಬೇಡವಂತೆ

ಹುಚ್ಚಮ್ಮ: ಹಾವು ಪೊರೆ ಬುಡಕ್ಕೆ ಮುಂಚೆ ಅದರ ಕಣ್ಣೂ ಹಿಂಗೇ ಬೆಳ್ಳಗಾಯ್ತದೆ ಕಣವ್ವ. ಅದೇನು ಮದ್ರಾಸಿಗೆ ಬಂದು ಆಪ್ರೇಸನ್ ಮಾಡಿಸ್ಕತ್ತದಾ? ತಾನಾಗೇ ಬುಡ್ತದೆ. ನಂದೂ ಬುಡ್ತದೆ. ನನ್ನ ಬಸ್ಸಿಗೆ ಹತ್ಸು.

ವೆಂಕಟಲಕ್ಷ್ಮಿ: ಅದು ಹಾವಿನ ಪೊರೆ, ಹುಚ್ಚಮ್ಮ. ನಿಮ್ಮದು ಕಣ್ಣಿನ ಪೊರೆ. ವರ್ಷಗಟ್ಟಲೆ ಆಯ್ತು ಅಂತೀರಿ. ಯಾವ ಹಾವು ಅಷ್ಟು ದಿನ ಕಾಯ್ತದೆ?

ಹುಚ್ಚಮ್ಮ: ಹಾವು ಬಿರುಸು. ನಾನು ಮುದುಕಿ. ನಂಗೆ ವಸಿ ನಿಧಾನ.

ಪೆರಂಬೂರಿನ ಕಣ್ಣಾಸ್ಪತ್ರೆಯೊಂದರ ವಾರ್ಡು. ತಾಳವಾಡಿ ಬೆಟ್ಟದ ಸೋಲಿಗರ ಹಾಡಿಯಲ್ಲಿ ಶಿಬಿರ ನಡೆಸಿದ್ದ ಡಾಕ್ಟರ್ ಶ್ರೀಪ್ರಿಯಾ, ಎರಡೂ ಕಣ್ಣು ಮಂಜಾಗಿದ್ದ ಹುಚ್ಚಮ್ಮನನ್ನು ಇಲ್ಲಿಗೆ ಕರೆಸಿದ್ದಳು. ಶ್ರೀಪ್ರಿಯಾಗೆ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಹಾಗಾಗಿ ಬಿಡಿಸಿ ಹೇಳಲು ತಾಯಿ ವೆಂಕಟಲಕ್ಷ್ಮಿಯನ್ನು ಕರೆತಂದಿದ್ದಳು. ಆಕೆಯದು ಅಜ್ಜನ ಕಾಲದಿಂದ ಮದ್ರಾಸಿನಲ್ಲಿ ನೆಂದ ಕನ್ನಡ.

ಶ್ರೀಪ್ರಿಯಾ: ಪೆಯಿನ್ ಇರುಕ್ಕಾದುನ್ನು ಸೊಲ್ಲುಮ್ಮಾ.

ವೆಂಕಟಲಕ್ಷ್ಮಿ: ನೋವೇ ಇರಲ್ಲ ಅಂತೆ. ಒಂದು ಚಿಕ್ಕ ಕತ್ತಿ ಇಟ್ಕೊಂಡು...

ಹುಚ್ಚಮ್ಮ: ಕತ್ತೀನಾ! ಕಣ್ಣಿಗೆ ಕತ್ತಿ ಬೀಸ್ತಾರಾ!

ವೆಂಕಟಲಕ್ಷ್ಮಿ: ಬೀಸೋ ಕತ್ತಿ ಅಲ್ರೀ! ತಮಿಳಲ್ಲಿ ಕತ್ತಿ ಅಂದ್ರೆ ಚಾಕು.

ಹುಚ್ಚಮ್ಮ: ಓಹೋ. ಚಾಕು ಆದ್ರೆ ಕಣ್ಣಿಗೆ ತಂಪಾ?

ವೆಂಕಟಲಕ್ಷ್ಮಿ: ಗೊತ್ತೇ ಆಗಲ್ಲ ನಿಮಗೆ. ಮೊದಲೇ ಮರುಂದು ಹಾಕಿಬಿಡ್ತಾರೆ.

ಹುಚ್ಚಮ್ಮ: ಮರುಂದಾ? ಅದ್ಯಾವ ಗಿಡ?

ವೆಂಕಟಲಕ್ಷ್ಮಿ: ಗಿಡ ಅಲ್ಲ, ಮದ್ದು. ನಿಮಗೆ ಮದ್ದು ಹಾಕ್ತಾರೆ.

ಹುಚ್ಚಮ್ಮ ಮಂಚದಿಂದ ಕಾಲು ಇಳಿಬಿಟ್ಟು ಚಪ್ಪಲಿಗೆ ತಡಕಾಡಿದಳು.

ಹುಚ್ಚಮ್ಮ: ಕೇಳಿಸ್ಕಂಡ್ರಾ! ನಮ್ಮ ಕಡೆ ಮದ್ದಾಕೋರು ಕದ್ದು ಆಕ್ತಾರೆ. ಈ ಯಮ್ಮ ಹೇಳೇ ಆಕ್ತಾಳಂತೆ!

ಶ್ರೀಪ್ರಿಯಾ: ಅಮ್ಮಾ, ಇದು ಟ್ರಾನ್ಸ್‌ಲೇಷನ್ನಾ, ಥ್ರೆಟನಿಂಗಾ?

ವೆಂಕಟಲಕ್ಷ್ಮಿ: ನೀನು ಕನ್ನಡ ಕಲ್ತಿದ್ರೆ ನಂಗ್ಯಾಕೆ ಈ ಪಾಡು!

ಮಗಳನ್ನು ಅತ್ತ ಸರಿಸಿ, ವೆಂಕಟಲಕ್ಷ್ಮಿ ಮಂಚದ ಮೇಲೇ ಕುಳಿತಳು.

ವೆಂಕಟಲಕ್ಷ್ಮಿ: ನಿಜ ಹೇಳಿ ಹುಚ್ಚಮ್ಮ. ಆನೆ ಓಡಾಡೋ ದಾರೀಲಿ ಓಡಾಡಿದೋರು ನೀವು. ಒಂದು ಚಾಕುಗೆ ಹೆದರ್ತೀರಾ?

ಹುಚ್ಚಮ್ಮ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕಿವಿಗೊಟ್ಟು, ದನಿ ಇಳಿಸಿದಳು.

ಹುಚ್ಚಮ್ಮ: ಚಾಕು ಏನ್ ಮಾಡದು? ಭಯ ಇರದು ಸೊಸೇದು. ಕಣ್ಣು ಮಂಜಾದಾಗಿಂದ ಕುಂತಲ್ಲಿಗೇ ಮುದ್ದೆ ತಂದು ಕೊಡ್ತಾಳೆ. ಸೌದೆ ಹೊರಂಗಿಲ್ಲ, ನೆಲ್ಲಿಕಾಯಿ ಆಯಂಗಿಲ್ಲ. ಒಂದು ಜಲ್ಮಕ್ಕಾಗೋಷ್ಟು ದುಡ್ದಿವ್ನಿ ಕಣವ್ವ. ಕಣ್ಣು ಬತ್ತು ಅಂದ್ರೆ ಮಾರನೇ ದಿನವೇ ಕೈಗೆ ಕುಡ್ಲು ಕೊಡ್ತಾಳೆ.

ವೆಂಕಟಲಕ್ಷ್ಮಿ: ಮತ್ತೆ ಇಷ್ಟು ದೂರ ಯಾಕೆ ಬಂದ್ರಿ?

ಹುಚ್ಚಮ್ಮ: ಮೊಮ್ಮಗಳು ಹುಟ್ಟವ್ಳೆ. ಮೊಕ ಕಂಡಿಲ್ಲ ನಾನು. ಮೂಗು ತಡವಿ ನೋಡ್ದೆ, ಕೆನ್ನೆ ತಡವಿ ನೋಡ್ದೆ. ಬೆರಳಲ್ಲಿ ಎಷ್ಟು ಕಂಡಾತು?

ವೆಂಕಟಲಕ್ಷ್ಮಿ ಮುಂದಕ್ಕೆ ಬಾಗಿದಳು.

ವೆಂಕಟಲಕ್ಷ್ಮಿ: ಹಾಗಾದ್ರೆ ಹೀಗೆ ಮಾಡಿ. ಆಪರೇಷನ್ ಮಾಡಿಸ್ಕೊಳ್ಳಿ, ಮೊಮ್ಮಗಳನ್ನ ಕಣ್ತುಂಬಾ ನೋಡಿ. ಸೊಸೆ ಕೇಳಿದ್ರೆ ಮಾತ್ರ, ಇನ್ನೂ ಮಂಜು ಮಂಜು ಅಂದ್ಬಿಡಿ.

ಶ್ರೀಪ್ರಿಯಾ: ಅಮ್ಮಾ! ಮೈ ರೆಪ್ಯುಟೇಷನ್!

ವೆಂಕಟಲಕ್ಷ್ಮಿ: ಸುಮ್ನಿರೇ. ನಿಂಗೆ ಸೊಸೆ ಬಂದ ಮೇಲೆ ಗೊತ್ತಾಗ್ತದೆ.

ಹುಚ್ಚಮ್ಮ: ಈವಾಗ ಆಡ್ದೆ ನೋಡು ಒಂದು ಒಳ್ಳೆ ಮಾತ! ಡಾಕ್ಟ್ರವ್ವ, ಎಲ್ಲಮ್ಮ ನಿನ್ನ ಕತ್ತಿ?

ಅಂದೇ ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಹುಚ್ಚಮ್ಮ ಫ್ಯಾನು ನೋಡಿದಳು, ಕಿಟಕಿ ನೋಡಿದಳು, ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟರಲ್ಲಿ ಬೆಟ್ಟದಿಂದ ಸೊಸೆಯ ವಿಡಿಯೊ ಕಾಲ್ ಬಂತು. ವೆಂಕಟಲಕ್ಷ್ಮಿ ಫೋನು ಹಿಡಿದು, "ಮಂಜು, ನೆನಪಿದೆಯಲ್ಲ?" ಎಂದು ಪಿಸುಗುಟ್ಟಿದಳು.

ಸೊಸೆ: ಅತ್ತೆ, ಕಣ್ಣು ಕಂಡಾತಾ?

ಹುಚ್ಚಮ್ಮ (ನರಳುತ್ತಾ): ಎಲ್ಲಿ ತಾಯಿ... ಎಲ್ಲಾ ಮಂಜು ಮಂಜು.

ಸೊಸೆ: ಅಯ್ಯೋ, ಇಷ್ಟೆಲ್ಲಾ ಮಾಡಿಯೂ ಹಿಂಗಾಯ್ತಾ... ಕೂಸಿನ ದನಿಯಾದ್ರೂ ಕೇಳು.

ಸೊಸೆ ಮಗುವನ್ನು ಫೋನಿನ ಹತ್ತಿರ ತಂದಳು. ಪರದೆಯ ತುಂಬ ಒಂದು ಪುಟ್ಟ ಮುಖ. ಹುಚ್ಚಮ್ಮನ ಕೈ ಮುಂದಕ್ಕೆ ಹೋಯಿತು. ಮರುಕ್ಷಣವೇ ಇಡೀ ವಾರ್ಡು ಬೆಚ್ಚಿಬಿತ್ತು.

ಹುಚ್ಚಮ್ಮ: ಲೇ! ಕೂಸಿನ ಕಣ್ಣೊಳಕ್ಕೆ ಅಷ್ಟೊಂದು ಕಾಡಿಗೆ ಮೆತ್ತಿದೀಯಲ್ಲ, ಕಣ್ಣು ಅಂದ್ರೆ ಏನಂತ ತಿಳ್ಕಂಡಿದೀಯೆ? ಒರೆಸು ಮೊದ್ಲು!

ವೆಂಕಟಲಕ್ಷ್ಮಿ ಹಣೆ ಹಿಡಿದುಕೊಂಡಳು. ಶ್ರೀಪ್ರಿಯಾ ಗೋಡೆಯ ಕಡೆ ತಿರುಗಿ ನಗತೊಡಗಿದಳು.

ಸೊಸೆ: ಅತ್ತೇ... ಮಂಜು ಅಂದ್ಯಲ್ಲ?

ಹುಚ್ಚಮ್ಮ: ಮಾಡಿರದು ಒಂದೇ ಕಣ್ಣು ಕಣೆ. ಅರ್ಧ ಸೌದೆ ನಾನು ಹೊತ್ತೇನು, ಇನ್ನರ್ಧ ನೀನೇ ಹೊತ್ಕೊ.