ಮೇಡಂ ಕೂತ ಮೇಲೆಯೇ ಸಿನಿಮಾ

ನಮ್ಮ ಕಾಕಾನ ಜೊತೆ ಸಿನಿಮಾಕ್ಕೆ ಹೋಗುವವರು ಮೊದಲೇ ವಿಮೆ ಮಾಡಿಸಿಕೊಳ್ಳುವುದು ಒಳ್ಳೆಯದು. ಜೀವಕ್ಕಲ್ಲ, ಮಾನಕ್ಕೆ!

ಕಾಕಾ ಸೈನ್ಯದಲ್ಲಿದ್ದವರು. ಅವರ ದಂಡಿನಲ್ಲಿ ತಗಡಿನ ಹಳೆಯ ಗೋದಾಮೊಂದು ಥಿಯೇಟರಾಗಿತ್ತು. ಪ್ರೊಜೆಕ್ಟರ್ ನಡೆಸುವ ಕೆಲಸ ಕಾಕಾನದು. ಕುರ್ಚಿ ಅವರವರೇ ಹೊತ್ತು ತರಬೇಕು. ದೊಡ್ಡ ಸಾಹೇಬರ ಹೆಂಡತಿ ಬಂದು ಕೂತು ‘ಹೂಂ’ ಎನ್ನುವವರೆಗೆ ರೀಲು ತಿರುಗುವ ಹಾಗಿಲ್ಲ. ಮೇಡಂ ತಲೆಗೂದಲು ಒಣಗದಿದ್ದರೆ ಇಡೀ ಪಲ್ಟಣವೇ ಕಾಯಬೇಕು! ಒಮ್ಮೆ ಅವರು ತವರಿಗೆ ಹೋದ ಸುದ್ದಿ ಯಾರಿಗೂ ತಿಳಿಯದೆ, ಜನ ಊಟದ ಹೊತ್ತಿನವರೆಗೆ ಬಿಳಿ ಪರದೆಯನ್ನೇ ನೋಡಿ ಎದ್ದು ಹೋದರಂತೆ. ಕಥೆ ಸ್ವಲ್ಪ ನಿಧಾನವಾಯಿತು ಎಂದನಂತೆ ಒಬ್ಬ ಹವಾಲ್ದಾರ.

ನಿವೃತ್ತರಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದರೂ ಈ ಶಿಸ್ತು ಬಿಡಬೇಕಲ್ಲ? ಥಾಣೆಯ ಶಾಪಿಂಗ್ ಮಾಲ್‌ಗೆ ಸಿನಿಮಾ ನೋಡಲು ಕರೆದರೆ ಮಡಚುವ ಕುರ್ಚಿ ಹಿಡಿದೇ ಲೋಕಲ್ ಹತ್ತಿದರು. ಸೀಟಿಲ್ಲವೆಂದು ಬಾಗಿಲ ಪಕ್ಕ ಕುರ್ಚಿ ಬಿಡಿಸಿ ಕೂತೂಬಿಟ್ಟರು. ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದ ಮನುಷ್ಯ ಅದರ ಮೇಲೂ ಅರ್ಧ ಜಾಗ ಕೇಳಿದ, “ಕಾಕಾ, ಥೋಡಾ ಸರ್ಕೋ ನಾ.”

ಮಾಲಿನ ಬಾಗಿಲಲ್ಲಿ ಸೆಕ್ಯೂರಿಟಿಯವನು ಕುರ್ಚಿ ತಡೆದ. ಹೊರಗಿನ ತಿಂಡಿ ತರಬಾರದೆಂಬ ಬೋರ್ಡನ್ನು ತೋರಿಸಿ ಕಾಕಾ ನನ್ನನ್ನೇ ಕೇಳಿದರು, “ಕುರ್ಚಿ ಯಾರು ತಿಂತಾರಪಾ?” ಒಳಗೆ ಹೋದ ಮೇಲೆ, ಎಲ್ಲರಿಗಿಂತ ದೊಡ್ಡ ಪಾಪ್‌ಕಾರ್ನ್ ಡಬ್ಬಿ ಹಿಡಿದಿದ್ದ ಹೆಂಗಸೇ ಸೀನಿಯರ್ ಎಂದು ತೀರ್ಮಾನಿಸಿ, ಸೆಲ್ಯೂಟ್ ಹೊಡೆದು, ಶುರು ಮಾಡಲು ಅಪ್ಪಣೆ ಕೇಳಿದರು! ನಾನು ಬೇರೆ ಸಾಲಿಗೆ ಹೋಗಿ ಕೂತೆ.

ಈ ವರ್ಷ ಕಾಕಾನ ಹೆಂಡತಿ, ನಮ್ಮ ಕಾಕು, ಬಚ್ಚಲಲ್ಲಿ ಜಾರಿ ಬಿದ್ದರು. ಮುರಿದ ಕಾಲು ಕೂಡಿತು, ಭಯ ಹೋಗಲಿಲ್ಲ. ಲಿಫ್ಟಿಲ್ಲದ ಕಟ್ಟಡ, ಮೂರನೆಯ ಮಹಡಿ. ಡಾಕ್ಟರು ನಡೆಯಿರಿ ಎಂದರೂ ತಿಂಗಳುಗಟ್ಟಲೆ ಕೆಳಗೇ ಇಳಿಯಲಿಲ್ಲ. “ಕುಂಟಕೋತ ಯಾರಿಗೆ ಮಾರಿ ತೋರಸ್ಲಿ?” ಎನ್ನುತ್ತಿದ್ದರು. ಹೀಗೇ ಕೂತರೆ ಹಾಸಿಗೆ ಹಿಡಿಯುತ್ತಾರೆಂದು ನಮಗೆಲ್ಲ ಹೆದರಿಕೆ.

ಒಂದು ಭಾನುವಾರ ಸಂಜೆ ಕಾಕಾ ಪಾರ್ಕಿಂಗಿನಲ್ಲಿ ಬೆಡ್‌ಶೀಟ್ ಕಟ್ಟಿದರು. ಪ್ರೊಜೆಕ್ಟರ್ ನನ್ನ ಆಫೀಸಿನದು. ಸೊಸೈಟಿಯವರೆಲ್ಲ ತಂತಮ್ಮ ಕುರ್ಚಿ ಹೊತ್ತು ಬಂದರು. ಸಿನಿಮಾ ಮಾತ್ರ ಶುರುವಾಗಲಿಲ್ಲ.

“ಕಾಕಾ, ಸುರೂ ಕರಾ ನಾ,” ಎಂದರು ಸೆಕ್ರೆಟರಿ.

ಕಾಕಾ ಮೂರನೆಯ ಮಹಡಿಯತ್ತ ಕೈ ತೋರಿಸಿದರು. ಪರದೆ ಕಾಣದ ಬಾಲ್ಕನಿಯಿಂದ ಕಾಕು ಬಗ್ಗಿ, “ನೀವು ನೋಡ್ರಿ, ನಾ ಇಲ್ಲಿಂದನ ಕೇಳ್ತೇನಿ,” ಎಂದರು.

“ಮೇಡಂ ಕುಂಡ್ರೂತನಕ ರೀಲ್ ತಿರಗೂದಿಲ್ಲ,” ಎಂದು ಕಾಕಾ ಕೈಕಟ್ಟಿ ಕೂತರು.

ಸೊಳ್ಳೆಗಳ ಶೋ ಶುರುವಾಯಿತು. ಸಮೋಸಾ ಆರಿದವು. ಆದರೆ ಯಾರೂ ಏಳಲಿಲ್ಲ. ಕೊನೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಇಳಕಲ್ ಸೀರೆ ಉಟ್ಟು, ಮೆಟ್ಟಿಲ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು ಕಾಕು. ಇಡೀ ಪಾರ್ಕಿಂಗ್ ಎದ್ದು ನಿಂತಿತು. ಕಾಕಾ ಸೆಲ್ಯೂಟ್ ಹೊಡೆದರು.

ಆ ತಗಡಿನ ಥಿಯೇಟರಿನಲ್ಲಿ ಕಾಕುಗೆ ಕುರ್ಚಿಯೂ ಇರಲಿಲ್ಲ. ಸಿಪಾಯಿಯ ಹೆಂಡತಿ, ಹಿಂದೆ ಇಟ್ಟಿಗೆಯ ಮೇಲೆ ಕೂತು, ಇನ್ನೊಬ್ಬರ ತಲೆಗೂದಲು ಒಣಗಲೆಂದು ವರ್ಷಗಟ್ಟಲೆ ಕಾದವರು.

ಕಾಕು ಕಾಕಾನ ಮಡಚುವ ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ಸುತ್ತಲೂ ಒಮ್ಮೆ ನೋಡಿದರು.

“ಹೂಂ. ಸುರು ಮಾಡ್ರಿ.”

ಜನ್ಮವಿಡೀ ಪ್ರೊಜೆಕ್ಟರ್ ನಡೆಸಿದ ಮನುಷ್ಯನಿಗೆ ಬಟನ್ ಕಾಣಲಿಲ್ಲ. ಕಣ್ಣು ಅಷ್ಟು ತುಂಬಿತ್ತು. ಕೊನೆಗೆ ನಾನೇ ಒತ್ತಿದೆ.